ಕಾರ್ಯಪ್ಪನವರಿಗೆ ಕ್ಯಾನ್‌ಬೆರಾ, ನಮ್ಮೂರ ಯೋಧನಿಗೆ ಎಟಿಎಂ ಬಾಗಿಲು

ಪ್ರತಿ ವರ್ಷ ಜನವರಿ 15 ಬಂತೆಂದರೆ ನಮ್ಮ ಮೊಬೈಲುಗಳ ಸ್ಟೇಟಸ್ಸಿನಲ್ಲಿ ಒಬ್ಬರ ಫೋಟೊ ತಪ್ಪದೆ ಬರುತ್ತದೆ. ಸೇನೆಯ ಟೋಪಿ, ಕತ್ತರಿಸಿದ ಮೀಸೆ, ಬಾಗದ ಬೆನ್ನು. ಫೀಲ್ಡ್ ಮಾರ್ಷಲ್ ಕೊಡಂದೇರ ಮಾದಪ್ಪ ಕಾರ್ಯಪ್ಪ. 1949ರ ಆ ದಿನ ಬ್ರಿಟಿಷ್ ಜನರಲ್ ಫ್ರಾನ್ಸಿಸ್ ರಾಯ್ ಬುಚರ್ ಅವರಿಂದ ಭಾರತದ ಸೇನೆಯ ಹೊಣೆ ಮೊದಲ ಸಲ ಒಬ್ಬ ಭಾರತೀಯನ ಕೈಗೆ ಬಂತು. ಅದಕ್ಕೇ ಅದು ಸೇನಾ ದಿನ. ಆ ಕೈ ಕನ್ನಡ ನಾಡಿನದು ಎನ್ನುವ ಹೆಮ್ಮೆ ನಮಗೆಲ್ಲ ಇದೆ, ಇರಬೇಕು.

ಆದರೆ ಅದಾಗಿ ನಾಲ್ಕು ವರ್ಷಕ್ಕೆ, 1953ರ ಜನವರಿ 14ಕ್ಕೆ, ಅದೇ ಕಾರ್ಯಪ್ಪನವರು ಸಮವಸ್ತ್ರ ಕಳಚಿಟ್ಟರಲ್ಲ, ಆ ದಿನದ ಬಗ್ಗೆ ಯಾರೂ ಸ್ಟೇಟಸ್ ಹಾಕುವುದಿಲ್ಲ. ಆಗ ಅವರ ವಯಸ್ಸು 54ರ ಅಂಚಿನಲ್ಲಿತ್ತು. ಮೈಯಲ್ಲಿ ಕಸುವಿತ್ತು, ತಲೆಯಲ್ಲಿ ಮೂರು ದಶಕಕ್ಕೂ ಮೀರಿದ ಅನುಭವವಿತ್ತು. ಮುಂದೇನು? ಸರ್ಕಾರ ಅವರನ್ನು ಸುಮ್ಮನೆ ಮನೆಗೆ ಕಳಿಸಲಿಲ್ಲ. ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡಿಗೆ ಭಾರತದ ಹೈ ಕಮಿಷನರ್ ಮಾಡಿ ಕಳಿಸಿತು. 1956ರವರೆಗೆ ಅವರು ಆ ಕೆಲಸದಲ್ಲಿದ್ದರು.

ಈ ಸಲ ನಾವು ಬರೆಯಬೇಕೆಂದುಕೊಂಡಿರುವುದು ಆ ಎರಡನೇ ಕೆಲಸದ ಬಗ್ಗೆ. ಸೈನ್ಯದಿಂದ ಬಂದವನಿಗೆ ದೇಶ ಮುಂದೆ ಯಾವ ಕೆಲಸ ಕೊಡುತ್ತದೆ ಎನ್ನುವುದು ಮಡಿಕೇರಿಗೋ ದೆಹಲಿಗೋ ಮಾತ್ರ ಸೇರಿದ ಮಾತಲ್ಲ. ಅರಸೀಕೆರೆ ತಾಲ್ಲೂಕಿನ ಬಾಣಾವರ, ಗಂಡಸಿ, ಜಾವಗಲ್, ಕಣಕಟ್ಟೆ ಕಡೆಯ ಮನೆಗಳಿಗೂ ಅದು ಸೇರಿದ್ದು.

ಗಡಿಯಾಚೆಯ ನೆಂಟರು

ಕಾರ್ಯಪ್ಪನವರು ನಮಗೆ ದೂರದವರೇನಲ್ಲ. ಅವರು ಹುಟ್ಟಿದ್ದು 1899ರಲ್ಲಿ, ಶನಿವಾರಸಂತೆಯಲ್ಲಿ. ಅಲ್ಲಿಂದ ಕೊಡ್ಲಿಪೇಟೆ ದಾಟಿದರೆ ನಮ್ಮ ಹಾಸನ ಜಿಲ್ಲೆಯ ಗಡಿ. ತಂದೆ ಕಂದಾಯ ಇಲಾಖೆಯಲ್ಲಿದ್ದವರು. ಮಡಿಕೇರಿಯಲ್ಲಿ ಶಾಲೆ, ಮದರಾಸಿನಲ್ಲಿ ಕಾಲೇಜು. ಮೊದಲ ಮಹಾಯುದ್ಧ ಮುಗಿದಾಗ ಭಾರತೀಯರಿಗೂ ಅಧಿಕಾರಿ ಹುದ್ದೆ ಕೊಡಬೇಕೆಂಬ ಕೂಗೆದ್ದಿತ್ತು. ಆಗ ಇಂದೂರಿನ ಡೇಲಿ ಕಾಲೇಜಿನಲ್ಲಿ ತರಬೇತಿ ಪಡೆದ ಮೊದಲ ತಂಡದಲ್ಲಿ ಇವರೂ ಒಬ್ಬರು. ಕ್ವೆಟ್ಟಾದ ಸ್ಟಾಫ್ ಕಾಲೇಜಿಗೆ ಹೋದ ಮೊದಲ ಭಾರತೀಯ ಅಧಿಕಾರಿ, ಒಂದು ಬೆಟಾಲಿಯನ್ನಿನ ನಾಯಕತ್ವ ಸಿಕ್ಕ ಮೊದಲ ಭಾರತೀಯ, ಹೀಗೆ ‘ಮೊದಲ’ ಎಂಬ ಮಾತು ಅವರ ಬೆನ್ನಿಗೇ ಅಂಟಿಕೊಂಡು ಬಂತು. ಎರಡನೇ ಮಹಾಯುದ್ಧದಲ್ಲಿ ಇರಾಕ್, ಸಿರಿಯಾ, ಬರ್ಮಾ ಕಡೆ ದುಡಿದರು. 1948ರಲ್ಲಿ ಕಾಶ್ಮೀರದ ಯುದ್ಧ ನಡೆಯುವಾಗ ಪಶ್ಚಿಮ ಕಮಾಂಡ್ ಅವರ ಕೈಯಲ್ಲಿತ್ತು. ಜೋಜಿಲಾ ಕಣಿವೆ, ದ್ರಾಸ್, ಕಾರ್ಗಿಲ್ ಮತ್ತೆ ನಮ್ಮ ಕೈಗೆ ಬಂದದ್ದು ಆಗಲೇ.

ಇಂಥವರು ಸೂಟು ಹಾಕಿಕೊಂಡು ವಿದೇಶದ ಕಚೇರಿಯಲ್ಲಿ ಕೂತರೆ ಏನು ಮಾಡಿಯಾರು ಎಂದು ಕೇಳಬಹುದು. ಬ್ರಿಟಿಷರ ಹಳೆಯ ಸಾಮ್ರಾಜ್ಯದಲ್ಲಿದ್ದ ದೇಶಗಳು ಕಾಮನ್‌ವೆಲ್ತ್ ಎಂಬ ಒಕ್ಕೂಟ ಮಾಡಿಕೊಂಡಿವೆ. ಆ ದೇಶಗಳು ಒಂದಕ್ಕೊಂದು ಕಳಿಸುವ ರಾಯಭಾರಿಯನ್ನು ಹೈ ಕಮಿಷನರ್ ಎನ್ನುತ್ತಾರೆ. ಹೆಸರು ಬೇರೆ, ಕೆಲಸ ಒಂದೇ. ನಮ್ಮ ದೇಶದ ಮಾತನ್ನು ಅಲ್ಲಿಗೆ ಮುಟ್ಟಿಸಬೇಕು, ಅಲ್ಲಿನ ಮಾತನ್ನು ಇಲ್ಲಿಗೆ ತಿಳಿಸಬೇಕು, ಜಗಳ ಬಂದರೆ ತಣ್ಣಗೆ ಮಾಡಬೇಕು.

ಆಗ ಆಸ್ಟ್ರೇಲಿಯಾದಲ್ಲಿ ಬಿಳಿಯರಲ್ಲದವರನ್ನು ವಲಸೆ ಬರಲು ಬಿಡದ ನೀತಿ ಇತ್ತು. 1901ರ ಕಾನೂನಿನಿಂದ ಶುರುವಾದ ಆ ನೀತಿ ಪೂರ್ತಿ ಹೋಗಲು 1973ರವರೆಗೆ ಕಾಯಬೇಕಾಯಿತು. ಅಂಥ ದೇಶಕ್ಕೆ ಭಾರತ ಕಳಿಸಿದ್ದು ಒಬ್ಬ ಕಂದುಬಣ್ಣದ ಜನರಲ್‌ನನ್ನು. ರಾಯಭಾರಿಗಳು ಸಾಮಾನ್ಯವಾಗಿ ಇಂಥ ವಿಷಯ ಬಂದಾಗ ಟೀ ಲೋಟದ ಕಡೆ ನೋಡುತ್ತಾರೆ. ಕಾರ್ಯಪ್ಪನವರು ಹಾಗೆ ಮಾಡಲಿಲ್ಲ. ಈ ನೀತಿ ಏಷ್ಯಾದ ಜನರ ಮನಸ್ಸು ಕೆಡಿಸುತ್ತಿದೆ ಎಂದು ಬಹಿರಂಗವಾಗಿಯೇ ಮಾತಾಡಿದರು. ಅಲ್ಲಿ ಅದು ಚರ್ಚೆಗೂ ಕಾರಣವಾಯಿತು. ಅತಿಥಿಯಾಗಿ ಬಂದವನು ಮನೆಯೊಡೆಯನ ತಪ್ಪು ಹೇಳಬಹುದೇ ಎಂದು ಮುಖ ಸಿಂಡರಿಸಿದವರೂ ಇದ್ದರು. ನಮ್ಮ ದೃಷ್ಟಿಯಲ್ಲಿ ಅದು ಅವರ ಆ ಮೂರು ವರ್ಷದ ದೊಡ್ಡ ಕೆಲಸ. ಸೈನಿಕನ ನೇರ ಮಾತಿಗೆ ರಾಯಭಾರದಲ್ಲೂ ಜಾಗ ಉಂಟು ಎಂದು ಅದು ತೋರಿಸಿತು.

ದೂರ ಕಳಿಸಿದ್ದೋ, ಗೌರವ ಕೊಟ್ಟಿದ್ದೋ?

ಇದಕ್ಕೆ ಇನ್ನೊಂದು ಮುಖವೂ ಇದೆ. ನೆಹರೂ ಸರ್ಕಾರ ಕಾರ್ಯಪ್ಪನವರನ್ನು ಗೌರವಕ್ಕಷ್ಟೇ ಅಲ್ಲ, ದೂರ ಇಡಲಿಕ್ಕೂ ಅಲ್ಲಿಗೆ ಕಳಿಸಿತು ಎಂದು ಬರೆದ ಇತಿಹಾಸಕಾರರಿದ್ದಾರೆ. ಜನಪ್ರಿಯ ಸೇನಾನಿ ರಾಜಧಾನಿಯ ಅಕ್ಕಪಕ್ಕದಲ್ಲೇ ಇದ್ದರೆ ನಾಳೆ ಏನಾದೀತೋ ಎಂಬ ಅಳುಕು ಹೊಸದಾಗಿ ಹುಟ್ಟಿದ ಪ್ರಜಾಪ್ರಭುತ್ವಕ್ಕೆ ಇತ್ತು.

ಆ ಅಳುಕು ಸುಳ್ಳು ಎನ್ನುವ ಹಾಗಿರಲಿಲ್ಲ. ಪಕ್ಕದ ಪಾಕಿಸ್ತಾನದಲ್ಲಿ 1951ರಲ್ಲಿ ಸೇನಾ ಮುಖ್ಯಸ್ಥರಾದ ಅಯೂಬ್ ಖಾನ್ 1958ರಲ್ಲಿ ದೇಶವನ್ನೇ ಕೈಗೆ ತೆಗೆದುಕೊಂಡರು. ಬರ್ಮಾದಲ್ಲಿ 1962ರಲ್ಲಿ ಜನರಲ್ ನೆ ವಿನ್ ಅದನ್ನೇ ಮಾಡಿದರು. ನಮ್ಮಲ್ಲಿ ಹಾಗಾಗಲಿಲ್ಲ. ಕಾರ್ಯಪ್ಪನವರು ನಾಲ್ಕು ವರ್ಷ ಮುಗಿದ ಕೂಡಲೇ ಕೋಲು, ಟೋಪಿ ಇಟ್ಟು ಹೊರಟರು. ಸರ್ಕಾರವೂ ಅವರಿಗೆ ಮರ್ಯಾದೆಯ ಇನ್ನೊಂದು ಬಾಗಿಲು ತೆರೆಯಿತು. ಅಧಿಕಾರ ಬಿಟ್ಟವನಿಗೆ ಕೈಗೊಂದು ಕೆಲಸ ಕೊಡುವುದು ಕೃತಜ್ಞತೆಯೂ ಹೌದು, ಜಾಣತನವೂ ಹೌದು. ಎರಡನ್ನೂ ನಾವು ತಪ್ಪೆನ್ನುವುದಿಲ್ಲ.

ಕಾರ್ಯಪ್ಪನವರನ್ನು ದೇವರ ಪಟದಂತೆ ಗೋಡೆಗೆ ಹಾಕುವುದೂ ಬೇಡ. ಅವರು ಆಮೇಲೆ ದೇಶದ ರಾಜಕೀಯದ ಬಗ್ಗೆ ಆಡಿದ ಕೆಲವು ಮಾತುಗಳನ್ನು ಒಪ್ಪದವರು ಬಹಳ ಮಂದಿ ಇದ್ದರು. 1971ರಲ್ಲಿ ಮುಂಬಯಿಯಿಂದ ಲೋಕಸಭೆಗೆ ನಿಂತು ಸೋತರು. ಸೇನಾನಿಯಾಗಿ ಮೆಚ್ಚಿದ ಜನ ರಾಜಕಾರಣಿಯಾಗಿ ಒಪ್ಪಲಿಲ್ಲ. ಅದೂ ನಮ್ಮ ಪ್ರಜಾಪ್ರಭುತ್ವದ ಆರೋಗ್ಯದ ಗುರುತೇ. 1986ರಲ್ಲಿ ಫೀಲ್ಡ್ ಮಾರ್ಷಲ್ ಪದವಿ ಬಂತು. 1993ರ ಮೇ 15ರಂದು ಬೆಂಗಳೂರಿನಲ್ಲಿ ತೀರಿಕೊಂಡರು.

ತಿಮ್ಮಯ್ಯನವರ ಜೊತೆ ಹೋದವರು

ಕೊಡಗಿನ ಇನ್ನೊಬ್ಬ ಸೇನಾನಿ ಜನರಲ್ ಕೆ.ಎಸ್. ತಿಮ್ಮಯ್ಯ. ಇವರಿಗೆ ರಾಯಭಾರಿ ಎಂಬ ಹೆಸರಿರಲಿಲ್ಲ, ಮಾಡಿದ ಕೆಲಸ ಮಾತ್ರ ಅದೇ. 1953ರಲ್ಲಿ ಕೊರಿಯಾ ಯುದ್ಧ ನಿಂತಾಗ ಎರಡೂ ಕಡೆ ಸೆರೆ ಸಿಕ್ಕಿದ್ದ ಸಾವಿರಾರು ಸೈನಿಕರಲ್ಲಿ 22 ಸಾವಿರಕ್ಕೂ ಹೆಚ್ಚು ಜನ ತಮ್ಮ ದೇಶಕ್ಕೆ ವಾಪಸ್ ಹೋಗುವುದಿಲ್ಲ ಎಂದು ಕೂತರು. ಅವರ ಮನಸ್ಸು ನಿಜವಾಗಿ ಏನೆಂದು ತಿಳಿಯಲು ಐದು ದೇಶಗಳ ಆಯೋಗ ಆಯಿತು. ಭಾರತ, ಸ್ವೀಡನ್, ಸ್ವಿಟ್ಜರ್‌ಲೆಂಡ್, ಪೋಲೆಂಡ್, ಚೆಕೊಸ್ಲೊವಾಕಿಯಾ. ಅದರ ಅಧ್ಯಕ್ಷರು ತಿಮ್ಮಯ್ಯ.

ಆ ಸೆರೆಯಾಳುಗಳನ್ನು ಕಾಯಲು ಭಾರತದಿಂದ 5 ಸಾವಿರಕ್ಕೂ ಹೆಚ್ಚು ಸೈನಿಕರು ಹೋದರು. ದಕ್ಷಿಣ ಕೊರಿಯಾದ ಅಧ್ಯಕ್ಷರು ಭಾರತದ ಸೈನಿಕರು ತಮ್ಮ ನೆಲ ತುಳಿಯಕೂಡದು ಎಂದುಬಿಟ್ಟರು. ಹಾಗಾಗಿ ಅಷ್ಟೂ ಜನರನ್ನು ಹೆಲಿಕಾಪ್ಟರಿನಲ್ಲಿ ಹೊತ್ತು ಎರಡು ಸೇನೆಗಳ ನಡುವಿನ ಖಾಲಿ ಜಾಗಕ್ಕೆ ಇಳಿಸಬೇಕಾಯಿತು. ಎರಡೂ ಕಡೆಯವರು ಬೈಯುವಾಗ, ಒಳಗಿರುವ ಸೆರೆಯಾಳುಗಳೂ ಕಲ್ಲೆತ್ತುವಾಗ, ಬಂದೂಕು ಕೈಯಲ್ಲಿದ್ದೂ ತಾಳ್ಮೆಯಿಂದ ನಿಲ್ಲುವುದು ಸಣ್ಣ ಮಾತಲ್ಲ.

ತಿಮ್ಮಯ್ಯನವರು 1957ರಿಂದ 1961ರವರೆಗೆ ಸೇನಾ ಮುಖ್ಯಸ್ಥರಾಗಿದ್ದು ನಿವೃತ್ತರಾದರು. 1964ರಲ್ಲಿ ವಿಶ್ವಸಂಸ್ಥೆ ಅವರನ್ನು ಮತ್ತೆ ಕರೆಯಿತು. ಸೈಪ್ರಸ್ ದ್ವೀಪದಲ್ಲಿ ಗ್ರೀಕರು, ತುರ್ಕರು ಕಾದಾಡುತ್ತಿದ್ದರು. ಅಲ್ಲಿನ ಶಾಂತಿಪಾಲನಾ ಪಡೆಗೆ ಅವರನ್ನು ನಾಯಕನನ್ನಾಗಿ ಮಾಡಿದರು. 1965ರ ಡಿಸೆಂಬರ್ 18ರಂದು ಅದೇ ಕೆಲಸದಲ್ಲಿರುವಾಗಲೇ ಅಲ್ಲಿ ತೀರಿಕೊಂಡರು. ಸೈಪ್ರಸ್ ಅವರ ನೆನಪಿಗೆ ಅಂಚೆ ಚೀಟಿ ತಂದಿತು.

ತಿಮ್ಮಯ್ಯನವರ ಹೆಸರು ನಮಗೆ ಗೊತ್ತು. ಕೊರಿಯಾದ ಮುಳ್ಳುತಂತಿಯ ಪಕ್ಕ ರಾತ್ರಿಯಿಡೀ ನಿಂತ ಸಿಪಾಯಿಗಳ ಹೆಸರು ಗೊತ್ತಿಲ್ಲ. ಅಲ್ಲಿಂದೀಚೆಗೆ ವಿಶ್ವಸಂಸ್ಥೆಯ ನೀಲಿ ಟೋಪಿ ಹಾಕಿ ಭಾರತದ 2 ಲಕ್ಷಕ್ಕೂ ಹೆಚ್ಚು ಸೈನಿಕರು ಕಾಂಗೊ, ಸೋಮಾಲಿಯಾ, ಲೆಬನಾನ್, ಸುಡಾನ್ ಎಂದು ಹೋಗಿಬಂದಿದ್ದಾರೆ. ಭಾಷೆ ಗೊತ್ತಿಲ್ಲದ ಊರಿನಲ್ಲಿ, ಎರಡು ಗುಂಪಿನ ನಡುವೆ ನಿಂತು, ಹೊಡೆದಾಟ ಆಗದಂತೆ ನೋಡಿಕೊಂಡಿದ್ದಾರೆ. ರಾಯಭಾರ ಎನ್ನುವುದು ಇದಲ್ಲದೆ ಇನ್ನೇನು? ಕ್ಯಾನ್‌ಬೆರಾದ ಬಂಗಲೆಯಲ್ಲಿ ಮಾಡಿದರೆ ಅದು ರಾಜತಾಂತ್ರಿಕತೆ. ಕಾಂಗೊದ ಚೆಕ್‌ಪೋಸ್ಟಿನಲ್ಲಿ ಮಾಡಿದರೆ ಬರೀ ಡ್ಯೂಟಿ!

ಹಳೇಬೀಡಿನವರಿಗೆ ಗೊತ್ತಿದ್ದ ಮಾತು

ಕತ್ತಿ ಹಿಡಿದವನೇ ಸಂಧಾನಕ್ಕೂ ಹೋಗುವುದು ನಮ್ಮ ಸೀಮೆಗೆ ಹೊಸದಲ್ಲ. ಹೊಯ್ಸಳರ ಶಾಸನ ಓದಿದವರಿಗೆ ‘ಸಂಧಿವಿಗ್ರಹಿ’ ಎಂಬ ಪದವಿ ಗೊತ್ತಿರುತ್ತದೆ. ಸಂಧಿ ಎಂದರೆ ಒಪ್ಪಂದ, ವಿಗ್ರಹ ಎಂದರೆ ಇಲ್ಲಿ ಯುದ್ಧ. ಎರಡಕ್ಕೂ ಒಬ್ಬನೇ ಮಂತ್ರಿ. ಯುದ್ಧ ಬಲ್ಲವನಿಗೇ ಶಾಂತಿಯ ಬೆಲೆ ಗೊತ್ತು ಎಂಬುದು ಅವರ ಲೆಕ್ಕ ಇದ್ದಿರಬೇಕು.

ವಿಷ್ಣುವರ್ಧನನ ಕಾಲದಲ್ಲಿ ಪುಣಿಸಮಯ್ಯ ಎಂಬ ದಂಡನಾಯಕ ಇದ್ದ. ಅವನೇ ಸಂಧಿವಿಗ್ರಹಿಯೂ ಆಗಿದ್ದ. ಬೇಲೂರಿನ ಚೆನ್ನಕೇಶವನ ಪ್ರತಿಷ್ಠೆಯಾದ 1117ರಲ್ಲೇ ಕೆತ್ತಿದ ಅವನ ಶಾಸನ ಚಾಮರಾಜನಗರದ ಬಸದಿಯಲ್ಲಿದೆ. ಅವನು ಯಾರನ್ನು ಗೆದ್ದ ಎಂಬುದರ ಜೊತೆಗೆ ಆ ಶಾಸನ ಇನ್ನೊಂದು ಮಾತು ಹೇಳುತ್ತದೆ. ಯುದ್ಧದಲ್ಲಿ ಬಂಡವಾಳ ಕಳೆದುಕೊಂಡ ವ್ಯಾಪಾರಿಗೆ, ಬಿತ್ತಲು ಬೀಜವಿಲ್ಲದ ರೈತನಿಗೆ, ಅಧಿಕಾರ ಕಳೆದುಕೊಂಡ ನಾಯಕನಿಗೆ, ಕಳೆದುಹೋದದ್ದನ್ನು ಕೊಟ್ಟು ಮತ್ತೆ ನೆಲೆ ನಿಲ್ಲಿಸಿದನಂತೆ. ಒಂಬೈನೂರು ವರ್ಷದ ಹಿಂದೆಯೇ ದಂಡು ಮುಗಿದ ಮೇಲಿನ ಕೆಲಸ ಕಲ್ಲಿನ ಮೇಲೆ ಬರೆಯುವಷ್ಟು ಮುಖ್ಯ ಅನ್ನಿಸಿತ್ತು. ಇವತ್ತು ಅದನ್ನು ‘ಪುನರ್ವಸತಿ’ ಎನ್ನುತ್ತಾರೆ. ನಮ್ಮಲ್ಲಿ ಅದಕ್ಕೊಂದು ಇಲಾಖೆಯೇ ಇದೆ.

ಮೇಲಿನವರಿಗೆ ಸಂಪ್ರದಾಯ, ಕೆಳಗಿನವರಿಗೆ ಅದೃಷ್ಟ

ಕಾರ್ಯಪ್ಪನವರಿಂದ ಶುರುವಾದದ್ದು ದೆಹಲಿಯಲ್ಲಿ ಸಂಪ್ರದಾಯವೇ ಆಯಿತು. ಜನರಲ್ ಜೆ.ಎನ್. ಚೌಧುರಿ ಮತ್ತು ಜನರಲ್ ಟಿ.ಎನ್. ರೈನಾ ಕೆನಡಾಕ್ಕೆ ಹೈ ಕಮಿಷನರ್ ಆಗಿ ಹೋದರು. ಜನರಲ್ ಒ.ಪಿ. ಮಲ್ಹೋತ್ರಾ ಇಂಡೊನೇಷ್ಯಾಕ್ಕೆ, ನೌಕಾಪಡೆಯ ಅಡ್ಮಿರಲ್ ಕಟಾರಿ ಬರ್ಮಾಕ್ಕೆ ರಾಯಭಾರಿಗಳಾದರು. ಮೊನ್ನೆ ಮೊನ್ನೆ 2019ರಲ್ಲಿ ಜನರಲ್ ದಲ್ಬೀರ್ ಸಿಂಗ್ ಸುಹಾಗ್ ಸೇಶಲ್ಸ್ ದ್ವೀಪಗಳಿಗೆ ಹೋದರು. ರಾಜ್ಯಪಾಲರಾದವರೂ ಇದ್ದಾರೆ. ಜನರಲ್ ಎಸ್.ಎಂ. ಶ್ರೀನಾಗೇಶ್ ನಮ್ಮ ಮೈಸೂರು ರಾಜ್ಯಕ್ಕೇ ರಾಜ್ಯಪಾಲರಾಗಿದ್ದರು.

1962ರಲ್ಲಿ ಚೀನಾ ಎದುರು ಸೋತಾಗ ಸೇನಾ ಮುಖ್ಯಸ್ಥರಾಗಿದ್ದವರು ಜನರಲ್ ಪಿ.ಎನ್. ಥಾಪರ್. ಸೋಲಿನ ನಂತರ ಹುದ್ದೆ ಬಿಟ್ಟರು. ಎರಡು ವರ್ಷದಲ್ಲಿ ಅವರಿಗೂ ಅಫ್ಘಾನಿಸ್ತಾನದ ರಾಯಭಾರ ಸಿಕ್ಕಿತು. ಅವರಿಗೆ ಸಿಕ್ಕಬಾರದಿತ್ತು ಎಂದು ನಾವು ಹೇಳುತ್ತಿಲ್ಲ. ಸೋಲಿಗೆ ಒಬ್ಬರೇ ಕಾರಣ ಇರುವುದಿಲ್ಲ. ಆದರೆ ಹಿಮದಲ್ಲಿ ಹತ್ತಿಬಟ್ಟೆಯಲ್ಲಿ ಕಾದಾಡಿ ಬೆರಳು ಕಳೆದುಕೊಂಡು ಬಂದ ಸಿಪಾಯಿಗೆ ಎರಡು ವರ್ಷದಲ್ಲಿ ಯಾವ ಕೆಲಸ ಸಿಕ್ಕಿರಬಹುದು ಎಂದು ಯೋಚಿಸಿ ನೋಡಿ.

ಈಗ ನಮ್ಮೂರಿಗೆ ಬನ್ನಿ. ಸೈನಿಕ ನಿವೃತ್ತನಾಗಿ ಅರಸೀಕೆರೆ ಜಂಕ್ಷನ್ನಿನಲ್ಲಿ ರೈಲಿಳಿದರೆ ಈಗೀಗ ಭಾರಿ ಸ್ವಾಗತ. ಹಾರ, ತಮಟೆ, ತೆರೆದ ಜೀಪು, ಊರ ತನಕ ಬೈಕ್ ಮೆರವಣಿಗೆ. ಹೆತ್ತವರ ಕಣ್ಣಲ್ಲಿ ನೀರು. ಒಳ್ಳೆಯದೇ, ಆಗಲಿ. ಆ ವಿಡಿಯೊವನ್ನು ನಾವೂ ಹಾಕಿದ್ದೇವೆ, ನೀವೂ ನೋಡಿದ್ದೀರಿ. ಮಾರನೆಯ ಸೋಮವಾರ ಏನಾಗುತ್ತದೆ ಎಂಬುದರ ವಿಡಿಯೊ ಯಾರೂ ಮಾಡುವುದಿಲ್ಲ.

ಸಿಪಾಯಿಯಾಗಿ ಸೇರಿದವನು 15–17 ವರ್ಷ ಮುಗಿಸಿ ಬರುವಾಗ ಅವನಿಗೆ ಮೂವತ್ತೈದು, ಮೂವತ್ತೆಂಟು ವಯಸ್ಸು. ಮಕ್ಕಳು ಪ್ರೈಮರಿ ಶಾಲೆಯಲ್ಲಿ. ತೆಂಗಿನ ತೋಟ ಇದ್ದರೆ ಕೊಬ್ಬರಿ ಬೆಲೆ ನೋಡಿಕೊಂಡು ಬದುಕಬೇಕು. ಇಲ್ಲದಿದ್ದರೆ ಬೆಂಗಳೂರಿನ ಅಪಾರ್ಟ್‌ಮೆಂಟ್ ಗೇಟು, ಬ್ಯಾಂಕಿನ ಬಾಗಿಲು, ಎಟಿಎಂ ಪಕ್ಕದ ಪ್ಲಾಸ್ಟಿಕ್ ಕುರ್ಚಿ. ದೇಶದಲ್ಲಿ ಪ್ರತಿ ವರ್ಷ ಸುಮಾರು 60 ಸಾವಿರ ಮಂದಿ ಹೀಗೆ ಸೇನೆಯಿಂದ ಹೊರಬರುತ್ತಾರೆ. ರಕ್ಷಣಾ ಸಚಿವಾಲಯದ ಪುನರ್ವಸತಿ ನಿರ್ದೇಶನಾಲಯ ಭದ್ರತಾ ಏಜೆನ್ಸಿಗಳನ್ನು ನೋಂದಾಯಿಸಿ ಕೆಲಸ ಕೊಡಿಸುತ್ತದೆ. ಅಲ್ಲೂ ಏಜೆನ್ಸಿ ನಡೆಸುವವರು ಬಹುತೇಕ ನಿವೃತ್ತ ಅಧಿಕಾರಿಗಳು, ಗೇಟಿನಲ್ಲಿ ನಿಲ್ಲುವವರು ನಿವೃತ್ತ ಸಿಪಾಯಿಗಳು. ಸೇನೆ ಬಿಟ್ಟರೂ ಸಾಲು ಬದಲಾಗಲಿಲ್ಲ.

ನಮ್ಮ ಭಾಷೆಯೂ ಇದನ್ನು ಒಂದೇ ಪದದಲ್ಲಿ ಹೇಳಿಬಿಡುತ್ತದೆ. ಜವಾನ ಎಂದರೆ ಗಡಿ ಕಾಯುವವನು. ತಾಲ್ಲೂಕು ಕಚೇರಿಗೆ ಹೋಗಿ ಜವಾನ ಎಲ್ಲಿ ಎಂದು ಕೇಳಿದರೆ ಬೆಲ್ ಹೊಡೆದಾಗ ಫೈಲು, ಟೀ ತರುವವನನ್ನು ತೋರಿಸುತ್ತಾರೆ. ಆ ಕೆಲಸ ಕೀಳೆಂದು ನಾವು ಹೇಳುವುದಿಲ್ಲ. ಆದರೆ ಗಡಿಯಿಂದ ಬಂದವನಿಗೆ ಅದಕ್ಕಿಂತ ಬೇರೆ ಕುರ್ಚಿ ಕಾಣಿಸುವುದೇ ಇಲ್ಲವಲ್ಲ, ಅದು ನೋವು.

ಎಲ್ಲರೂ ರಾಯಭಾರಿ ಆಗಲು ಸಾಧ್ಯವೇ?

ಇಷ್ಟು ಓದಿದವರು ಕೇಳುತ್ತೀರಿ: ಎಲ್ಲರೂ ರಾಯಭಾರಿ ಆಗಲಿಕ್ಕಾಗುತ್ತದಾ? ಪಿಂಚಣಿ ಬರುತ್ತದೆ, ಕ್ಯಾಂಟೀನ್ ಇದೆ, ಆಸ್ಪತ್ರೆ ಸೌಲಭ್ಯ ಇದೆ, ಸರ್ಕಾರಿ ನೇಮಕಾತಿಯಲ್ಲಿ ಮೀಸಲಾತಿ ಇದೆ, ಭೂಮಿ ಮಂಜೂರಾತಿಯಲ್ಲೂ ಪಾಲಿದೆ. ಇನ್ನೇನು ಬೇಕು?

ಪ್ರಶ್ನೆ ಸರಿಯಾಗಿದೆ. ಊರಿನಲ್ಲಿ ಪಿಂಚಣಿಯೇ ಇಲ್ಲದ ಕೂಲಿಕಾರರು, ಮಳೆ ನಂಬಿದ ರೈತರು ಇರುವಾಗ ಸೈನಿಕನೊಬ್ಬನಿಗೇ ಎಲ್ಲ ಕೊಡಿ ಎಂದು ನಾವೂ ಹೇಳಲಾರೆವು. ಆದರೆ ನಾವು ಕೇಳುತ್ತಿರುವುದು ಹೆಚ್ಚು ದುಡ್ಡಲ್ಲ. ಕಾರ್ಯಪ್ಪನವರಿಗೆ ಕ್ಯಾನ್‌ಬೆರಾ ಸಿಕ್ಕಾಗ ಅವರಿಗೆ ಸಿಕ್ಕ ನಿಜವಾದ ಗೌರವ ಬಂಗಲೆ, ಕಾರು ಅಲ್ಲ. ‘ನೀವು ಕಲಿತದ್ದು ಇನ್ನೂ ನಮಗೆ ಬೇಕು’ ಎಂದು ದೇಶ ಹೇಳಿತಲ್ಲ, ಅದು. ಸಿಪಾಯಿಗೆ ನಾವು ಪಿಂಚಣಿ ಕೊಟ್ಟು ‘ನೀನು ಕಲಿತದ್ದು ಸಾಕು’ ಎನ್ನುತ್ತಿದ್ದೇವೆ.

ಅವನು ಕಲಿತದ್ದೇನು ಕಡಿಮೆಯೇ? ಸಿಗ್ನಲ್ಸ್‌ನಲ್ಲಿದ್ದವನಿಗೆ ರೇಡಿಯೊ, ಕೇಬಲ್ ಗೊತ್ತು. ಎಂಜಿನಿಯರ್ ರೆಜಿಮೆಂಟಿನಲ್ಲಿದ್ದವನು ಒಂದು ರಾತ್ರಿಯಲ್ಲಿ ಸೇತುವೆ ಕಟ್ಟಿದವನು. ಮೆಡಿಕಲ್ ಕೋರಿನವನಿಗೆ ರಕ್ತ ನಿಲ್ಲಿಸಲು, ಮೂಳೆ ಮುರಿದವನನ್ನು ಎತ್ತಲು ಬರುತ್ತದೆ. ಬೇರೆ ಬೇರೆ ರಾಜ್ಯದವರ ಜೊತೆ ಒಂದೇ ಬ್ಯಾರಕ್ಕಿನಲ್ಲಿ ವರ್ಷಗಟ್ಟಲೆ ಇದ್ದವನಿಗೆ ಜಾತಿ, ಭಾಷೆ ನೋಡದೆ ಬಾಳುವುದು ಗೊತ್ತು. ಇದೆಲ್ಲ ಅವನ ಡಿಸ್ಚಾರ್ಜ್ ಬುಕ್ಕಿನಲ್ಲಿ ಒಂದು ಸಾಲಾಗಿ ಉಳಿದುಹೋಗುತ್ತದೆ. ಆ ಬುಕ್ಕನ್ನು ಓದಲು ಬರುವವರು ನಮ್ಮ ಕಚೇರಿಗಳಲ್ಲಿ ಕಡಿಮೆ.

ಕಾರ್ಯಪ್ಪನವರಿಗೇ ಈ ಮಾತು ಗೊತ್ತಿತ್ತು. ರಾಯಭಾರ ಮುಗಿಸಿ ಮಡಿಕೇರಿಗೆ ಬಂದ ಮೇಲೂ ಅವರು ಮಾಜಿ ಸೈನಿಕರ ಸಂಗ ಬಿಡಲಿಲ್ಲ. 1964ರಲ್ಲಿ ಮಾಜಿ ಸೈನಿಕರ ಸಂಘಟನೆಯಾದ ಇಂಡಿಯನ್ ಎಕ್ಸ್-ಸರ್ವಿಸಸ್ ಲೀಗ್ ಹುಟ್ಟಿದ್ದು ಅವರ ಮುಂದಾಳತ್ವದಲ್ಲಿ. 1965ರ ಯುದ್ಧದಲ್ಲಿ ವಾಯುಪಡೆಯಲ್ಲಿದ್ದ ಅವರ ಮಗ ಪಾಕಿಸ್ತಾನದಲ್ಲಿ ಸೆರೆ ಸಿಕ್ಕಿದರು. ದೇಶ ಒಡೆಯುವ ಮೊದಲು ಕಾರ್ಯಪ್ಪನವರ ಕೈಕೆಳಗೆ ಇದ್ದ ಅಯೂಬ್ ಖಾನ್ ಆಗ ಅಲ್ಲಿನ ಅಧ್ಯಕ್ಷರು. ಮಗನಿಗೆ ವಿಶೇಷ ಅನುಕೂಲ ಮಾಡಿಕೊಡುವ ಮಾತು ಬಂದಾಗ, ಸೆರೆಯಲ್ಲಿರುವ ಎಲ್ಲ ಸೈನಿಕರೂ ತನ್ನ ಮಕ್ಕಳೇ, ಅವನೊಬ್ಬನಿಗೆ ಬೇರೆ ಲೆಕ್ಕ ಬೇಡ ಎಂದರು. ಈ ಕಥೆಯನ್ನು ನಾವು ಸ್ಟೇಟಸ್ಸಿನಲ್ಲಿ ಬಹಳ ಸಲ ಓದಿದ್ದೇವೆ. ಅದರ ಅರ್ಥ ಮಾತ್ರ ಮನಸ್ಸಿಗೆ ಇಳಿದಿಲ್ಲ. ಜನರಲ್ ಮಗನಿಗೂ ಸಿಪಾಯಿ ಮಗನಿಗೂ ಒಂದೇ ಲೆಕ್ಕ ಎಂದವರ ಹೆಸರಿನಲ್ಲಿ ಹಾರ ಹಾಕಿ, ಲೆಕ್ಕ ಮಾತ್ರ ಎರಡು ಇಟ್ಟುಕೊಂಡಿದ್ದೇವೆ.

ನಾಲ್ಕೇ ವರ್ಷ

ಈ ಮಾತನ್ನು ಈಗ ಎತ್ತಲು ಕಾರಣವಿದೆ. 2022ರ ಜೂನ್‌ನಲ್ಲಿ ಅಗ್ನಿಪಥ ಯೋಜನೆ ಬಂತು. ಹದಿನೇಳೂವರೆಯಿಂದ ಇಪ್ಪತ್ತೊಂದರ ವಯಸ್ಸಿನ ಹುಡುಗರು ನಾಲ್ಕು ವರ್ಷಕ್ಕೆ ಸೇರುತ್ತಾರೆ. ಅವರಲ್ಲಿ ಶೇ 25ರವರೆಗೆ ಮುಂದುವರಿಯಬಹುದು. ಉಳಿದವರು ಸುಮಾರು 11.71 ಲಕ್ಷ ರೂಪಾಯಿ ಸೇವಾ ನಿಧಿ ಹಿಡಿದು ಮನೆಗೆ ಬರಬೇಕು. ಪಿಂಚಣಿ ಇಲ್ಲ. 2023ರ ಜನವರಿಯಲ್ಲಿ ತರಬೇತಿಗೆ ಸೇರಿದ ಮೊದಲ ತಂಡದ ನಾಲ್ಕು ವರ್ಷ 2026ರ ಕೊನೆಗೆ ಮುಗಿಯುತ್ತದೆ.

ಕಾರ್ಯಪ್ಪನವರು ಸೇನೆಯ ಮೇಲಿನ ಕುರ್ಚಿಯಲ್ಲಿ ಕೂತದ್ದೂ ನಾಲ್ಕೇ ವರ್ಷ. ಅವರಿಗೆ ಮುಂದಿನ ಕೆಲಸ ಸಿದ್ಧವಾಗಿತ್ತು. ಇವತ್ತು ಬೆಳಗಿನ ಜಾವ ಐದಕ್ಕೆ ಎದ್ದು ಊರ ಮುಂದಿನ ಟಾರು ರಸ್ತೆಯಲ್ಲಿ 1,600 ಮೀಟರ್ ಓಟಕ್ಕೆ ಬೆವರು ಹರಿಸುವ ನಮ್ಮ ಹುಡುಗರು ಇಪ್ಪತ್ತೆರಡು, ಇಪ್ಪತ್ತೈದರ ವಯಸ್ಸಿಗೆ ವಾಪಸ್ ಬರುತ್ತಾರೆ. ಯೋಜನೆ ಸರಿಯೋ ತಪ್ಪೋ ಎನ್ನುವ ವಾದ ಟಿವಿಯಲ್ಲಿ ನಡೆಯಲಿ. ಹುಡುಗ ಬಂದು ಊರ ಬಸ್ ಸ್ಟ್ಯಾಂಡಿನಲ್ಲಿ ನಿಂತಾಗ ಅವನ ಕೈ ಹಿಡಿಯುವುದು ದೆಹಲಿಯಲ್ಲ, ನಾವೇ. ಅದಕ್ಕೆ ತಯಾರಿದ್ದೇವೆಯೇ?

ಏನು ಮಾಡಬಹುದು?

ದೊಡ್ಡ ಮಾತು ಬೇಡ. ತಾಲ್ಲೂಕಿನ ಮಟ್ಟದಲ್ಲೇ ಆಗುವ ನಾಲ್ಕು ಕೆಲಸ ಹೇಳುತ್ತೇವೆ.

ಒಂದು, ಪ್ರತಿ ಗ್ರಾಮ ಪಂಚಾಯಿತಿಯಲ್ಲಿ ಮಾಜಿ ಸೈನಿಕರ ಪಟ್ಟಿ ಇರಲಿ. ಹೆಸರಷ್ಟೇ ಅಲ್ಲ, ಸೇನೆಯಲ್ಲಿ ಏನು ಕೆಲಸ ಮಾಡಿದರು ಎಂಬುದೂ ಇರಲಿ. ಡ್ರೈವರ್, ಎಲೆಕ್ಟ್ರಿಷಿಯನ್, ನರ್ಸಿಂಗ್ ಸಹಾಯಕ, ಸಿಗ್ನಲ್ ಆಪರೇಟರ್ ಯಾರು ಎಂದು ಗೊತ್ತಿದ್ದರೆ ಊರಿಗೇ ಉಪಯೋಗ. ಇದಕ್ಕೆ ಖರ್ಚು ಒಂದು ರಿಜಿಸ್ಟರ್ ಪುಸ್ತಕ.

ಎರಡು, ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಅಧಿಕಾರಿಗಳು ತಿಂಗಳಿಗೆ ಒಂದು ದಿನ ಅರಸೀಕೆರೆಗೆ ಬರಲಿ. ಒಂದು ಸಹಿಗೆ, ಒಂದು ಗುರುತಿನ ಚೀಟಿಗೆ ಜಾವಗಲ್ ಕಡೆಯ ಹಿರಿಯ ವಿಧವೆ ಹಾಸನಕ್ಕೆ ಎರಡು ಬಸ್ ಹತ್ತಿ ಇಳಿಯುವುದು ತಪ್ಪಲಿ. ದಿನ ಯಾವುದೆಂದು ಮೊದಲೇ ತಿಳಿಸಿದರೆ ಹಳ್ಳಿಗಳ ಗ್ರೂಪುಗಳಿಗೆ ನಾವೇ ಹಾಕುತ್ತೇವೆ.

ಮೂರು, ಬೇಲೂರು, ಆಲೂರು, ಸಕಲೇಶಪುರ ಕಡೆ ಆನೆ ಕಾಟಕ್ಕೆ ಜನ ಸಾಯುತ್ತಿದ್ದಾರೆ. ರಾತ್ರಿ ಕಾವಲು, ವೈರ್‌ಲೆಸ್ ಸಂಪರ್ಕ, ಜನರನ್ನು ಗಾಬರಿ ಆಗದಂತೆ ಸರಿಸುವುದು, ಇವು ಸೈನಿಕನಿಗೆ ನೀರು ಕುಡಿದಷ್ಟು ಸಲೀಸು. ಅರಣ್ಯ ಇಲಾಖೆಯ ತಂಡಗಳಲ್ಲಿ, ಪ್ರವಾಹ ಮತ್ತು ಬೆಂಕಿ ಅನಾಹುತದ ಕೆಲಸಗಳಲ್ಲಿ ಅವರನ್ನು ಗೌರವಧನ ಕೊಟ್ಟು ಸೇರಿಸಿಕೊಳ್ಳಲಿ.

ನಾಲ್ಕು, ನಮ್ಮ ಊರುಗಳಲ್ಲಿ ಕೆರೆ ನೀರಿನ ಜಗಳ, ಬದು ಒತ್ತುವರಿ ಜಗಳ, ಜಾತ್ರೆಯ ಮುಂದೆ-ಹಿಂದೆ ಜಗಳ ಎಷ್ಟಿಲ್ಲ? ಎರಡು ದೇಶಗಳ ನಡುವೆ ನಿಂತು ಬಂದವನನ್ನು ಎರಡು ಮನೆಗಳ ನಡುವೆ ಕೂರಿಸಲು ನಮಗೇಕೆ ತೋಚುವುದಿಲ್ಲ? ಪಂಚಾಯಿತಿಯ ಕಟ್ಟೆಯಲ್ಲಿ ಅವನಿಗೊಂದು ಜಾಗ ಕೊಡಿ. ಅವನು ಆ ಪಕ್ಷ, ಈ ಪಕ್ಷ ಎಂದು ಹೊರಡದೆ ಇರುವ ತನಕ ಅವನ ಮಾತಿಗೆ ತೂಕ ಇರುತ್ತದೆ. ಮಾಜಿ ಸೈನಿಕ ಬಂಧುಗಳಿಗೂ ಇದು ನಮ್ಮ ವಿನಂತಿ. ಕುಡಿತ, ಇಸ್ಪೀಟು, ಚುನಾವಣೆಯ ಜೀಪು ನಿಮ್ಮನ್ನು ಕರೆಯುತ್ತವೆ. ಸಮವಸ್ತ್ರದ ಮರ್ಯಾದೆ ಇಟ್ಟುಕೊಳ್ಳುವುದು ನಿಮ್ಮ ಕೈಯಲ್ಲೂ ಇದೆ.

ದೇಶ ಒಬ್ಬ ಸೈನಿಕನನ್ನು ಎಷ್ಟು ಗೌರವಿಸುತ್ತದೆ ಎಂಬುದನ್ನು ಅವನು ಹೊರಡುವಾಗ ಹಾಕಿದ ಹಾರದಲ್ಲಿ ಅಳೆಯಬಾರದು, ಸತ್ತಾಗ ಹಾರಿಸಿದ ಗುಂಡಿನಲ್ಲೂ ಅಳೆಯಬಾರದು. ವಾಪಸ್ ಬಂದ ಮೇಲೆ ಅವನ ಕೈಗೆ ಏನು ಕೆಲಸ ಕೊಟ್ಟಿತು ಎಂಬುದರಲ್ಲಿ ಅಳೆಯಬೇಕು. ಶನಿವಾರಸಂತೆಯ ಕಾರ್ಯಪ್ಪನವರ ವಿಷಯದಲ್ಲಿ ದೇಶ ಆ ಪರೀಕ್ಷೆ ಪಾಸಾಯಿತು. ನಮ್ಮ ಪಕ್ಕದ ಬೀದಿಯ ಹವಾಲ್ದಾರರ ವಿಷಯದಲ್ಲಿ ಇನ್ನೂ ಉತ್ತರ ಬರೆಯುವುದಿದೆ.

ನಿಮ್ಮ ಪಂಚಾಯಿತಿಯ ಮುಂದಿನ ಗ್ರಾಮಸಭೆ ಯಾವಾಗ ಎಂದು ವಿಚಾರಿಸಿ. ಮಾಜಿ ಸೈನಿಕರ ಪಟ್ಟಿ ಇದೆಯಾ ಎಂದು ಎದ್ದು ನಿಂತು ಕೇಳಿ. ಇಲ್ಲ ಎಂದರೆ ಅವತ್ತೇ ಬರೆಯಲು ಶುರುಮಾಡಿಸಿ.